ನೂರ ಅರವತ್ತರ ಡಿಸ್ಕೂ ಒಂದೇ ಸಲ ಕೇಳಿದ ಗಂಡನೂ

ನನ್ನ ಹೆಂಡತಿ ಲವೋನ್ ನಮ್ಮ ನಲವತ್ತೊಂದು ವರ್ಷದ ಸಂಸಾರದಲ್ಲಿ ಒಂದು ದಿನವೂ ಬಾಯಿಬಿಟ್ಟು "ಇಂಥದ್ದು ಬೇಕು" ಎಂದವಳಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ, ದೂರು ಹೇಳುತ್ತಿದ್ದೇನೆ. ಬೇಕು ಬೇಕು ಎನ್ನುವವಳನ್ನು ಕಟ್ಟಿಕೊಂಡವನಿಗೆ ಕಷ್ಟ ಜೇಬಿಗೆ ಮಾತ್ರ. ಬೇಡ ಬೇಡ ಎನ್ನುವವಳನ್ನು ಕಟ್ಟಿಕೊಂಡವನಿಗೆ ತಲೆಗೇ ಕಷ್ಟ. ಯಾವ 'ಬೇಡ'ದ ಒಳಗೆ ಎಷ್ಟು 'ಬೇಕು' ಇದೆ ಎಂದು ತೂಗಿ ನೋಡುವ ತಕ್ಕಡಿಯನ್ನು ಇನ್ನೂ ಯಾರೂ ಮಾಡಿಲ್ಲ. ತಕ್ಕಡಿಯ ವಿಷಯದಲ್ಲಿ ನನ್ನ ಮಾತನ್ನು ನೀವು ಕಣ್ಣುಮುಚ್ಚಿ ನಂಬಬಹುದು. ನಾರ್ಡಾಲ್ ಊರಿನ ಧಾನ್ಯದ ಉಗ್ರಾಣದಲ್ಲಿ ಮೂವತ್ತೆರಡು ವರ್ಷ ಲಾರಿ ತೂಗಿ ನಿವೃತ್ತನಾದ ಆರ್ಲಿನ್ ಟ್ವೀಟನ್ ಎಂದರೆ ನಾನೇ.

ತಪ್ಪು ಅವಳೊಬ್ಬಳದಲ್ಲ. ನಮ್ಮ ಜನವೇ ಹಾಗೆ. ನಮ್ಮ ಅಜ್ಜಂದಿರು ನಾರ್ವೆಯಿಂದ ಹಡಗು ಹತ್ತಿ ಅಮೆರಿಕದ ನಾರ್ತ್ ಡಕೋಟಾಕ್ಕೆ ಬರುವಾಗ ಒಂದು ಬೈಬಲ್ಲು, ಒಂದು ಮರದ ಪೆಟ್ಟಿಗೆ ಮತ್ತು ಈ ಹಾಳು ಸಂಕೋಚವನ್ನು ತಂದರು. ಬೈಬಲ್ಲು ಹರಿದಿದೆ, ಪೆಟ್ಟಿಗೆಗೆ ಹುಳ ಬಿದ್ದಿದೆ, ಸಂಕೋಚ ಮಾತ್ರ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಯಾರದೋ ಮನೆಗೆ ಹೋದಾಗ ಕಾಫಿ ಬೇಕೆ ಎಂದರೆ ಮೊದಲ ಸಲ "ಅಯ್ಯೋ, ಬೇಡ" ಎನ್ನಬೇಕು. ಎರಡನೇ ಸಲ "ನಿಮಗ್ಯಾಕೆ ತೊಂದರೆ" ಎನ್ನಬೇಕು. ಮೂರನೇ ಸಲ ಕೇಳಿದಾಗ "ಮಾಡಿದ್ದೇ ಇದ್ದರೆ ಒಂದು ಗುಟುಕು" ಎಂದು ಮೂರು ಬಟ್ಟಲು ಕುಡಿಯಬೇಕು. ಆಲಿಕಲ್ಲು ಬಿದ್ದು ಗೋಧಿಯೆಲ್ಲ ನೆಲಕಚ್ಚಿದರೆ "ಈ ಸಲ ಅಷ್ಟೇನೂ ಚೆನ್ನಾಗಿಲ್ಲ" ಎನ್ನುತ್ತೇವೆ. ಹಿತ್ತಲಿಗೆ ಕರಡಿಯೇ ನುಗ್ಗಿದರೂ "ಸ್ವಲ್ಪ ದೊಡ್ಡ ನಾಯಿ ಥರ ಇತ್ತು" ಎನ್ನುವ ಜನ ನಾವು. ಈ ಭಾಷೆ ನನಗೆ ಚೆನ್ನಾಗಿ ಬರುತ್ತದೆ ಎಂದು ಅರವತ್ತೆಂಟು ವರ್ಷ ನಂಬಿಕೊಂಡಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ಮೂರನೇ ಇಸವಿಯಲ್ಲಿ ನಮ್ಮ ಚರ್ಚಿಗೆ ನೂರು ತುಂಬಿತು. ಅದೇ ವರ್ಷ ಅದನ್ನು ಮುಚ್ಚುವುದೆಂದು ತೀರ್ಮಾನವೂ ಆಯಿತು. ಭಾನುವಾರದ ಪ್ರಾರ್ಥನೆಗೆ ಹತ್ತೊಂಬತ್ತು ಜನ ಬರುತ್ತಿದ್ದೆವು, ಅದರಲ್ಲಿ ಇಬ್ಬರು ಬರುತ್ತಿದ್ದದ್ದು ನಿದ್ದೆಗೆ. ಪಾದ್ರಿಗಳು ಮೂರು ಊರಿಗೆ ಒಬ್ಬರು. ಜನವರಿಯ ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು, ಯಾರೂ ಅಳಲಿಲ್ಲ, ಆಮೇಲೆ ನೆಲಮಾಳಿಗೆಗೆ ಇಳಿದು ಕಾಫಿ ಕುಡಿದರು. ಅಕ್ಟೋಬರಿನ ಕೊನೆಯ ಭಾನುವಾರ ಕೊನೆಯ ಪ್ರಾರ್ಥನೆ ಎಂದಾಯಿತು. ಆ ಸಭೆಯಲ್ಲಿ, ಚರ್ಚಿನ ದಾಖಲೆ ಬರೆಯುತ್ತಿದ್ದ ಲವೋನ್ ಎದ್ದು ನಿಂತು ಒಂದು ಮಾತು ಹೇಳಿದಳು: "ಎಲ್ಲರ ಮನೆ ಫೋಟೋಗಳನ್ನ ಒಂದು ಕಡೆ ಸೇರಿಸಿದ್ರೆ ಅಷ್ಟೇನೂ ಕೆಟ್ಟದಾಗಿರಲ್ಲ ಅನ್ಸುತ್ತೆ." ನಮ್ಮ ಭಾಷೆಯಲ್ಲಿ ಇದು ಎದೆ ಬಡಿದುಕೊಂಡು ಗೋಳಾಡಿದ್ದಕ್ಕೆ ಸಮ.

ಮಾರನೇ ದಿನದಿಂದ ನಮ್ಮ ಮನೆಗೆ ಪೆಟ್ಟಿಗೆಗಳು ಬರತೊಡಗಿದವು. ಬೂಟಿನ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬ, ದಿಂಬಿನ ಚೀಲ, ಎಲ್ಲದರಲ್ಲೂ ಫೋಟೋ. ಮೊಟ್ಟಮೊದಲು ಬಂದವಳು ತೊಂಬತ್ತಾರು ವರ್ಷದ ಥೋರಾ ಬ್ರೆಕ್ಕಿ. ಚರ್ಚು ಕಟ್ಟಿದ ದಿನದ ಚಿತ್ರ ಇಡೀ ಜಿಲ್ಲೆಯಲ್ಲಿ ಅವಳೊಬ್ಬಳ ಹತ್ತಿರ ಇತ್ತು. ಅರ್ಧ ಎದ್ದ ಗೋಡೆ, ಮುಂದೆ ಹನ್ನೊಂದು ಗಂಡಸರು, ಅವರ ಹಿಂದೆ ನಿಂತ ಹೆಂಗಸರ ಟೋಪಿಗಳು ಮಾತ್ರ. ಥೋರಾ ಅದನ್ನು ಲವೋನ್ ಕೈಗೆ ಕೊಟ್ಟು, "ಇದು ಹೋಗಬಾರದು ಕಣಮ್ಮ" ಎಂದಳು. ನಮ್ಮಲ್ಲಿ ಯಾರಾದರೂ ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಲವೋನ್ "ಹೋಗಲ್ಲ" ಎಂದಳು.

ಥೋರಾ ಮಾರ್ಚಿನಲ್ಲಿ ತೀರಿಕೊಂಡಳು. ಏಪ್ರಿಲಿನಲ್ಲಿ ಅವಳ ಮನೆಯ ಸಾಮಾನು ಹರಾಜಾಯಿತು. ನಕಲು ತೆಗೆದ ಮೇಲೆ ಲವೋನ್ ವಾಪಸು ಕೊಟ್ಟಿದ್ದ ಆ ಚಿತ್ರ ಯಾವ ಪೆಟ್ಟಿಗೆಯ ಜೊತೆ ಯಾವ ಊರಿಗೆ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಅಂದಮೇಲೆ ಅದು ಉಳಿದದ್ದು ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

ಆ ಹೊಟ್ಟೆಯ ಪುರಾಣವೇ ಈ ಕಥೆ. ನಮ್ಮ ಕಂಪ್ಯೂಟರು ತೊಂಬತ್ತೆಂಟರದು. ಒಳಗಿದ್ದದ್ದು ನಾಲ್ಕು ಜಿಬಿಯ ಡಿಸ್ಕು. ಲವೋನ್ ಒಂದೊಂದು ಚಿತ್ರವನ್ನೂ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ, ಅತಿ ದೊಡ್ಡ ಅಳತೆಯಲ್ಲಿ, ಮುಖದ ಸುಕ್ಕೂ ಬಿಡದ ಹಾಗೆ ತೆಗೆಯುತ್ತಿದ್ದಳು. "ಇನ್ನೊಂದು ಸಲ ಯಾರು ತೆಗೀತಾರೆ?" ಎನ್ನುವುದು ಅವಳ ವಾದ. ಒಂದು ಚಿತ್ರಕ್ಕೆ ಆರು ನಿಮಿಷ. ಎಪ್ಪತ್ತು ಚಿತ್ರ ಮುಗಿಯುವಷ್ಟರಲ್ಲಿ ಡಿಸ್ಕು ಕಂಠಮಟ್ಟ ತುಂಬಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಇಲ್ಲಿ ಹಾಸಿಗೆ ತೊಟ್ಟಿಲಿನಷ್ಟು, ಚಾಚಬೇಕಾದ ಕಾಲು ನೂರು ವರ್ಷದ್ದು.

"ಏನೇ, ಹೊಸ ಕಂಪ್ಯೂಟರ್ ಬೇಕಾ?" ಎಂದು ಕೇಳಿದೆ.

"ಅಯ್ಯೋ, ಬೇಡಪ್ಪ. ಯಾಕೆ ಸುಮ್ನೆ. ಇದೇ ಸಾಕು. ಸ್ವಲ್ಪ ಇಕ್ಕಟ್ಟು ಅಷ್ಟೆ."

ನಾನು ನಂಬಿದೆ. (ಓದುಗರು ಈ ಜಾಗವನ್ನು ಗುರುತು ಹಾಕಿಕೊಳ್ಳಬೇಕು. ನಾನು ಹಾಕಿಕೊಳ್ಳಲಿಲ್ಲ.)

ನಂಬಿದ್ದಷ್ಟೇ ಅಲ್ಲ, ನನಗೊಂದು ದಿವ್ಯ ಆಲೋಚನೆಯೂ ಹೊಳೆಯಿತು. ಇಡೀ ಕಂಪ್ಯೂಟರ್ ಯಾಕೆ? ದೊಡ್ಡ ಡಿಸ್ಕು ಒಂದನ್ನು ಒಳಗೆ ಸೇರಿಸಿದರೆ ಸಾಲದೆ? ಫಾರ್ಗೋ ಪಟ್ಟಣಕ್ಕೆ ಹೋದೆ. ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದರು: ನಲವತ್ತು, ಎಂಬತ್ತು, ನೂರ ಇಪ್ಪತ್ತು, ನೂರ ಅರವತ್ತು. ಜೀವನದಲ್ಲಿ ಒಂದು ಸಲವಾದರೂ ಎಲ್ಲಕ್ಕಿಂತ ದೊಡ್ಡದನ್ನು ಕೊಳ್ಳಬೇಕು ಎಂದು ಯಾಕೆ ಅನ್ನಿಸಿತೋ, ನೂರ ಅರವತ್ತರದರ ಮೇಲೆ ಕೈ ಇಟ್ಟೆ.

ಅಂಗಡಿಯವಳು ಒಳ್ಳೆಯ ಹೆಂಗಸು. "ನಿಮ್ಮ ಕಂಪ್ಯೂಟರ್ ಎಷ್ಟು ಹಳೇದು ಸಾರ್?" ಎಂದು ಕೇಳಿದಳು.

"ಅಷ್ಟೇನೂ ಹಳೇದಲ್ಲ," ಎಂದೆ.

ಅಭ್ಯಾಸಬಲ. ನಮ್ಮ ಉಗ್ರಾಣದ ಛಾವಣಿ ಹಾರಿಹೋದಾಗಲೂ ನಾನು ಮ್ಯಾನೇಜರಿಗೆ "ಸ್ವಲ್ಪ ಗಾಳಿ ಆಡ್ತಿದೆ" ಎಂದೇ ಫೋನು ಮಾಡಿದ್ದೆ.

ಮನೆಗೆ ಬಂದು, ಸ್ಕ್ರೂ ಬಿಚ್ಚಿ, ಊಟದ ಮೇಜನ್ನು ಶಸ್ತ್ರಚಿಕಿತ್ಸೆಯ ಕೋಣೆ ಮಾಡಿ, ಹೊಸ ಡಿಸ್ಕಿಗೆ ಪಟ್ಟಾಭಿಷೇಕ ನೆರವೇರಿಸಿದೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಬಿಳಿ ಅಕ್ಷರ ನಾಲ್ಕು ಸಾಲು ಬಂತು, "ಡಿಸ್ಕು ಹುಡುಕಲಾಗುತ್ತಿದೆ" ಎಂಬ ಅರ್ಥದ ಒಂದು ಸಾಲಿಗೆ ಬಂದು ನಿಂತಿತು. ನಿಂತದ್ದು ನಿಂತೇ ಇತ್ತು. ನಾನು ಕಾಫಿ ಕುಡಿದೆ. ಅಂಗಳದ ಹಿಮ ಎತ್ತಿಹಾಕಿ ಬಂದೆ. ಅದು ಹುಡುಕುತ್ತಲೇ ಇತ್ತು.

"ಸಿಕ್ಕಿತಾ?" ಎಂದಳು ಲವೋನ್ ಒಲೆಯ ಹತ್ತಿರದಿಂದ.

"ಹುಡುಕ್ತಾ ಇದೆ."

"ಅದರ ಹೊಟ್ಟೆಯೊಳಗೇ ಇದೆಯಲ್ಲ, ಎಲ್ಲಿ ಹುಡುಕುತ್ತೆ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು."

"ನನಗೆ ಗೊತ್ತಾಗುತ್ತೆ. ನೀನೂ ಫ್ರಿಜ್ಜಿನ ಬಾಗಿಲು ತೆಗೆದು ನಿಂತ್ಕೊಂಡು, ಮೂಗಿನ ಮುಂದಿರೋ ಬೆಣ್ಣೆ ಎಲ್ಲಿ ಅಂತ ಕೇಳ್ತೀಯಲ್ಲ."

ಹೀಗೆ ಅವಮಾನಿತನಾದ ನಾನು ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಪರ್ಲ್ ಗಿಲ್ಬರ್ಟ್‌ಸನ್ ಮನೆಗೆ ಹೋದೆ. ಪರ್ಲ್‌ಗೆ ಎಪ್ಪತ್ನಾಲ್ಕು. ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು, ವಿಧವೆ, ಲವೋನ್‌ಳ ಜೀವದ ಗೆಳತಿ. ಸುತ್ತಲ ನಾಲ್ಕು ಊರಿನಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಅವಳ ಅಡುಗೆಮನೆಯ ಮೇಜಿಗೇ ಬರಬೇಕು. ಕನ್ನಡಕ ಏರಿಸಿ ಒಮ್ಮೆ ನೋಡಿ, "ಪಾಪ, ಇದಕ್ಕೆ ಗುರುತು ಸಿಕ್ತಾ ಇಲ್ಲ," ಎಂದಳು.

"ಕಣ್ಣೆದುರಿಗಿದ್ದರೂ?"

"ಆರ್ಲಿನ್, ನಿನ್ನ ಲಾರಿ ತಕ್ಕಡಿಯ ಮುಳ್ಳು ಎಷ್ಟರವರೆಗೆ ಹೋಗ್ತಿತ್ತು?"

"ಇಪ್ಪತ್ತು ಸಾವಿರ ಪೌಂಡು. ಆಮೇಲೆ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಗೆ ಬರೋದು. ಎಷ್ಟು ಸುತ್ತು ಹೊಡೀತು ಅಂತ ನಾನು ಪಕ್ಕದಲ್ಲಿ ಬರ್ಕೋಬೇಕಿತ್ತು."

"ನೀನು ಬರ್ಕೊಳ್ಳದೇ ಇದ್ದಿದ್ರೆ?"

"ಇಪ್ಪತ್ತೆರಡು ಸಾವಿರ ಪೌಂಡಿನ ಲಾರಿ ಎರಡು ಸಾವಿರ ಅಂತ ತೋರಿಸೋದು."

"ಇದೂ ಅಷ್ಟೇನೇ," ಎಂದಳು ಪರ್ಲ್. ಕಂಪ್ಯೂಟರು ಎದ್ದ ತಕ್ಷಣ ಡಿಸ್ಕನ್ನು 'ನಿನ್ನಲ್ಲಿ ಎಷ್ಟು ಮನೆ ಇವೆ?' ಎಂದು ಕೇಳುತ್ತದಂತೆ. ಡಿಸ್ಕು ಹೇಳಿದ್ದನ್ನು ಒಂದು ಅರ್ಜಿಯಲ್ಲಿ ತುಂಬಿಕೊಳ್ಳುತ್ತದಂತೆ. ಆ ಅರ್ಜಿಯಲ್ಲಿ ಅಂಕಿ ಬರೆಯಲು ಇಷ್ಟೇ ಚೌಕ ಎಂದು ಮೊದಲೇ ಅಚ್ಚು ಹಾಕಿರುತ್ತಾರೆ. ಅಚ್ಚು ಹಾಕಿದವರು ದಡ್ಡರಲ್ಲ. ಅವರ ಕಾಲದಲ್ಲಿ ಇದಕ್ಕಿಂತ ದೊಡ್ಡದು ಹುಟ್ಟಿರಲಿಲ್ಲ, ಹುಟ್ಟುತ್ತದೆ ಎಂದು ಯಾರೂ ಕನಸೂ ಕಂಡಿರಲಿಲ್ಲ. ಈಗ ಬಂದದ್ದು ಚೌಕದಲ್ಲಿ ಹಿಡಿಸದ ಉತ್ತರ. ಹಾಗಾಗಿ ಯಂತ್ರ ಬಾಯಿ ತೆರೆದುಕೊಂಡು ನಿಂತುಬಿಡುತ್ತದೆ. ಇನ್ನು ಕೆಲವು ಹಿಡಿಸಿದಷ್ಟನ್ನೇ ಬರೆದುಕೊಂಡು, ಅಷ್ಟೇ ಇದೆ ಎಂದು ನಂಬಿಬಿಡುತ್ತವಂತೆ.

ಅವಳು ಒಂದು ಫ್ಲಾಪಿಯಿಂದ ನಮ್ಮ ಯಂತ್ರಕ್ಕೆ ಎಚ್ಚರವಾಗುವ ಹೊಸ ವಿಧಾನ ಕಲಿಸಿದಳು. ಡಿಸ್ಕನ್ನು ತನ್ನ ಹೊಸ ಕಂಪ್ಯೂಟರಿನಲ್ಲಿ ಸಿದ್ಧಮಾಡಿ, ಹಳೆಯ ಡಿಸ್ಕಿನ ಚಿತ್ರಗಳನ್ನೆಲ್ಲ ಅದಕ್ಕೆ ಸಾಗಿಸಿ, ಹಳೆಯದರ ಪಕ್ಕದಲ್ಲೇ ವಾಪಸು ಇದರೊಳಗೆ ಕೂರಿಸಿದಳು. ಗುಂಡಿ ಒತ್ತಿದಾಗ ಈ ಸಲ ಪರದೆಯಲ್ಲಿ ನೂರ ಅರವತ್ತೇ ಬಂತು! ನನಗೆ ಕುಣಿದಾಡುವಷ್ಟು ಸಂತೋಷವಾಯಿತು. (ನಾನು ಕುಣಿಯಲಿಲ್ಲ. "ಪರವಾಗಿಲ್ಲ" ಎಂದೆ.)

ಪರ್ಲ್ ಸ್ಕ್ರೂ ತಿರುಗಿಸುತ್ತ, ತಲೆ ಎತ್ತದೆ ಒಂದು ಮಾತು ಹೇಳಿದಳು: "ನೂರ ಮೂವತ್ತೇಳರ ಆಚೆಗೆ ಇದಕ್ಕೆ ಮುಳ್ಳು ಒಂದು ಸುತ್ತು ಬಂದುಬಿಡುತ್ತೆ ಅನ್ಸುತ್ತೆ. ನಾನಾಗಿದ್ರೆ ಪೂರ್ತಿ ತುಂಬ್ತಿರಲಿಲ್ವೇನೋ. ನೋಡು, ನಿನ್ನಿಷ್ಟ."

ಬೇರೆ ಊರಿನವರು ಇದನ್ನು ಒಂದು ಅಭಿಪ್ರಾಯ ಎಂದುಕೊಳ್ಳಬಹುದು. ನಮ್ಮ ಊರಿನಲ್ಲಿ "ನಾನಾಗಿದ್ರೆ ಮಾಡ್ತಿರಲಿಲ್ವೇನೋ" ಎಂದರೆ ಮನೆಗೆ ಬೆಂಕಿ ಬಿತ್ತೆಂದು ಗಂಟೆ ಬಾರಿಸಿದ ಹಾಗೆ. ನನ್ನ ತಂದೆಗೆ ಡಾಕ್ಟರು "ನಾನಾಗಿದ್ರೆ ಈ ಚಳಿಗಾಲಕ್ಕೆ ದೊಡ್ಡ ಕೆಲಸ ಇಟ್ಕೊತಿರಲಿಲ್ಲ" ಎಂದದ್ದೇ ತಡ, ಅವರು ಮನೆಗೆ ಬಂದು ಉಯಿಲು ಬರೆದಿದ್ದರು. ಅಂಥ ತಂದೆಯ ಮಗನಾದ ನಾನು ಪರ್ಲ್ ಮಾತಿಗೆ "ಸರಿ ಸರಿ" ಎಂದು ಟೋಪಿ ಹಾಕಿಕೊಂಡು ಬಂದೆ. ನೂರ ಅರವತ್ತು ಎಂದು ಪರದೆಯೇ ಹೇಳುತ್ತಿರುವಾಗ ಪರ್ಲ್ ಯಾರು ನಡುವೆ?

ಆಮೇಲಿನ ಎಂಟು ತಿಂಗಳು ನನ್ನ ಬಾಳಿನ ಸುವರ್ಣಯುಗ. ಲವೋನ್ ಸೋಮವಾರ, ಬುಧವಾರ, ಶುಕ್ರವಾರ ಮನೆಯಲ್ಲಿ ಸ್ಕ್ಯಾನರಿನ ಮುಂದೆ ಕೂರುವಳು. ನಾನು ಬೆಳಗ್ಗೆ ಎದ್ದು, ಡಿಸ್ಕಿನಲ್ಲಿ ಎಷ್ಟು ತುಂಬಿದೆ ಎಂದು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವೆ. ಉಗ್ರಾಣ ಬಿಟ್ಟ ಮೇಲೆ ಮೊದಲ ಸಲ ನನ್ನ ಕೈಯಲ್ಲಿ ತೂಗುವ ಕೆಲಸ ಇತ್ತು. ಮಂಗಳವಾರ, ಗುರುವಾರ ಅವಳು ಒಂದು ದೊಡ್ಡ ಚೀಲ ಹಿಡಿದು ಪರ್ಲ್ ಮನೆಗೆ ಕಾಫಿಗೆ ಹೋಗುವಳು. ಚೀಲ ಯಾಕೆ ಎಂದು ಕೇಳಲಿಲ್ಲ. ಹೆಣಿಗೆ ಇರಬೇಕು ಎಂದುಕೊಂಡೆ. ಎಂಟು ತಿಂಗಳಲ್ಲಿ ಒಂದು ಕಾಲುಚೀಲವೂ ಅದರಿಂದ ಹೊರಬಂದಿರಲಿಲ್ಲ ಎಂಬುದು ಈಗ ಹೊಳೆಯುತ್ತದೆ.

ಜನ ಬಂದರೆ ನಾನೇ ತೋರಿಸುತ್ತಿದ್ದೆ. "ನೂರ ಅರವತ್ತು," ಎನ್ನುವೆ.

"ಅಷ್ಟು ದೊಡ್ಡದಾ?" ಎನ್ನುವರು.

"ಅಷ್ಟೇನೂ ಇಲ್ಲ," ಎಂದು ನೆಲ ನೋಡುವೆ. ಜಂಭಪಡುವುದಕ್ಕೂ ನಮ್ಮಲ್ಲಿ ಇದೇ ದಾರಿ.

ಅಕ್ಟೋಬರಿಗೆ ಎಲ್ಲರ ಮನೆಯ ಚಿತ್ರಗಳೂ ಮುಗಿದು ನಮ್ಮ ಮನೆಯದೊಂದು ಉಳಿಯಿತು. ಬಡಿಸುವವರು ಕೊನೆಗೆ ಉಣ್ಣುವ ಹಾಗೆ ಲವೋನ್ ನಮ್ಮ ಪೆಟ್ಟಿಗೆಯನ್ನು ಕೊನೆಗೆ ಇಟ್ಟಿದ್ದಳು. ಕ್ಯಾಲೆಂಡರಿನಲ್ಲಿ ಆ ದಿನ ನಾನು ಬರೆದದ್ದು ನೂರ ಮೂವತ್ತಾರೂವರೆ. ಸೋಮವಾರ ಅವಳು ನಮ್ಮ ಮನೆಯ ಚಿತ್ರ ಹಾಕಿದಳು: ನನ್ನ ಅಪ್ಪ, ಅಪ್ಪನ ಕುದುರೆ, ಹದಿನೈದನೇ ವಯಸ್ಸಿನಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕೋಟು ಹಾಕಿ, ಕಿವಿ ಎರಡೂ ಬಾಗಿಲಿನ ಹಾಗೆ ತೆರೆದುಕೊಂಡು ನಿಂತ ನಾನು.

"ಎಷ್ಟು ಚಂದ ಕಿವಿ," ಎಂದಳು. "ಇಷ್ಟು ದೊಡ್ಡದಿದ್ದೂ ಏನೂ ಕೇಳಿಸಲ್ವಲ್ಲ."

ಮಂಗಳವಾರ ಬೆಳಗ್ಗೆ ಅವಳು ಚೀಲ ಹಿಡಿದು ಪರ್ಲ್ ಮನೆಗೆ ಹೋದ ಮೇಲೆ ನಾನು ಎಂದಿನಂತೆ ತೂಕ ನೋಡಲು ಗುಂಡಿ ಒತ್ತಿದೆ. ನೂರ ಅರವತ್ತರ ಡಿಸ್ಕನ್ನು ತೆರೆದೆ. ಯಂತ್ರ ಹೇಳಿತು: ಈ ಡಿಸ್ಕನ್ನು ಇನ್ನೂ ಸಿದ್ಧಪಡಿಸಿಲ್ಲ. ಈಗ ಸಿದ್ಧಪಡಿಸಬೇಕೆ?

'ಇಲ್ಲ' ಒತ್ತಿದೆ. ಮತ್ತೆ ತೆರೆದೆ. ಮತ್ತೆ ಅದೇ ಪ್ರಶ್ನೆ. ಎಂಟು ತಿಂಗಳು ಹೊಟ್ಟೆಯಲ್ಲಿ ಹೊತ್ತವನನ್ನು ಅದು 'ನೀನು ಯಾರಪ್ಪ, ಹೊಸಬನಾ?' ಎಂದು ಕೇಳುತ್ತಿತ್ತು.

ನನಗೆ ಆಗ ಅರ್ಥವಾಯಿತು. ಮೂವತ್ತೆರಡು ವರ್ಷ ತಕ್ಕಡಿಯ ಮುಂದೆ ಕೂತವನಿಗೆ ಅರ್ಥವಾಗದೆ ಇರುತ್ತದೆಯೇ? ಮುಳ್ಳು ಸುತ್ತು ಬಂದಿತ್ತು. ನೂರ ಮೂವತ್ತೇಳರ ಆಚೆಯ ಮನೆಯ ನಂಬರು ಚೌಕದಲ್ಲಿ ಹಿಡಿಸದೆ ಸೊನ್ನೆಗೆ ತಿರುಗಿ, ನಮ್ಮ ಮನೆಯ ಚಿತ್ರಗಳನ್ನು ಯಂತ್ರ ಡಿಸ್ಕಿನ ತೀರ ಮೊದಲಲ್ಲಿ, ಯಾವ ಚಿತ್ರ ಎಲ್ಲಿದೆ ಎಂದು ಪಟ್ಟಿ ಬರೆದಿಟ್ಟ ಜಾಗದ ಮೇಲೆಯೇ ಬರೆದುಬಿಟ್ಟಿತ್ತು. ಹನ್ನೊಂದು ಗಂಡಸರು, ಅವರ ಹಿಂದಿನ ಟೋಪಿಗಳು, ನೂರು ವರ್ಷದ ಮದುವೆ, ಮಕ್ಕಳು, ಶವಪೆಟ್ಟಿಗೆ ಎಲ್ಲದರ ಮೇಲೆ ನನ್ನ ಕಿವಿ. "ಇದು ಹೋಗಬಾರದು ಕಣಮ್ಮ" ಎಂದ ಥೋರಾಳ ದನಿ ಆ ಕೋಣೆಯಲ್ಲೇ ಕೇಳಿಸಿತು. ನನಗೆ ಅಳು ಬಂತು. ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅತ್ತೆ.

ಕೊನೆಯ ಪ್ರಾರ್ಥನೆಗೆ ಹನ್ನೆರಡು ದಿನ ಇತ್ತು. ಪರ್ಲ್ ಏನಾದರೂ ಮಾಡಿಯಾಳು ಎಂದು ಗಾಡಿ ತೆಗೆದೆ. ಅಲ್ಲಿ ಲವೋನ್ ಇರುತ್ತಾಳೆ ಎಂಬುದು ದಾರಿಯಲ್ಲಿ ನೆನಪಾಯಿತು. ಅತ್ತ ದರಿ, ಇತ್ತ ಪುಲಿ. ಹೇಗೂ ಸಾಯುವುದು ಖಚಿತವಾದ್ದರಿಂದ ಮುಂದಕ್ಕೇ ಹೋದೆ.

ಪರ್ಲ್ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. "ಕಾಫಿ?" ಎಂದಳು.

"ಬೇಡ. ಪರ್ಲ್, ಸ್ವಲ್ಪ ತೊಂದರೆ ಆಗಿದೆ."

"ಎಷ್ಟು ಸ್ವಲ್ಪ?"

"ನೂರು ವರ್ಷದಷ್ಟು."

ಪರ್ಲ್ ಕಾಫಿ ಪಾತ್ರೆಯನ್ನು ಕೆಳಗಿಟ್ಟಳು. ನಾನು ಎಲ್ಲ ಹೇಳಿದೆ. ಅವಳು ಹೇಳಿದ್ದ ಮಾತು, ನಾನು ಅದನ್ನು ಮನೆಯಲ್ಲಿ ಹೇಳದೆ ಬಿಟ್ಟದ್ದು, ಕ್ಯಾಲೆಂಡರು, ಕಿವಿ. "ಲವೋನ್‌ಗೆ ಹೇಗೆ ಹೇಳಲಿ? ಥೋರಾಗೆ ಮಾತು ಕೊಟ್ಟಿದ್ಲು. ನಾನು ಅವಳ ಮಾತನ್ನ ಮುರಿದೆ. ಬಡ್ಡಿಮಗಂದು ನನ್ನ ತಲೆ," ಎಂದೆ. ಅರವತ್ತೆಂಟು ವರ್ಷದಲ್ಲಿ ನಾನು ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು.

ಪಕ್ಕದ ಕೋಣೆಯಿಂದ ಒಂದು ದನಿ ಬಂತು: "ಅವನ ಕಾಫಿಗೆ ಸಕ್ಕರೆ ಹಾಕ್ಬೇಡ ಪರ್ಲ್. ಡಾಕ್ಟರು ಬೇಡ ಅಂದಿದಾರೆ."

ಹೋಗಿ ನೋಡಿದೆ. ಕಿಟಕಿಯ ಹತ್ತಿರ ಒಂದು ಹೊಚ್ಚಹೊಸ ಕಂಪ್ಯೂಟರು. ಅದರ ಪಕ್ಕ ಸ್ಕ್ಯಾನರು. ಅದರ ಗಾಜಿನ ಮೇಲೆ ನನ್ನ ಅಪ್ಪನ ಕುದುರೆ. ಮುಂದೆ ನನ್ನ ಹೆಂಡತಿ, ಕಾಲಬುಡದಲ್ಲಿ ಆ ದೊಡ್ಡ ಚೀಲ. ಪರದೆಯಲ್ಲಿ ಅರ್ಧ ಎದ್ದ ಗೋಡೆ, ಹನ್ನೊಂದು ಗಂಡಸರು, ಹಿಂದೆ ಟೋಪಿಗಳು.

"ಇದು ಯಾರದು?" ಎಂದೆ. ಬಾಯಿಗೆ ಬಂದದ್ದು ಅದೊಂದೇ.

"ನಂದು. ಪಿಯಾನೋ ಪಾಠ ಹೇಳಿಕೊಟ್ಟ ದುಡ್ಡಲ್ಲಿ ತಗೊಂಡೆ. ಫೆಬ್ರವರಿಲಿ."

"ಫೆಬ್ರವರಿಲಾ?"

"ನೀನು ಡಿಸ್ಕು ಹಾಕಿಸ್ಕೊಂಡು ಬಂದ ವಾರ, ಪರ್ಲ್ ನನಗೂ ಹೇಳಿದ್ಲು, 'ನಾನಾಗಿದ್ರೆ ಪೂರ್ತಿ ತುಂಬ್ತಿರಲಿಲ್ವೇನೋ' ಅಂತ. ನನಗೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಅವಳು ಅಷ್ಟು ಜೋರಾಗಿ ಹೇಳಿದ್ಮೇಲೆ!"

ಪರ್ಲ್ ಬಾಗಿಲಲ್ಲಿ ನಿಂತು, "ಸ್ವಲ್ಪ ಜೋರಾಯ್ತೇನೋ ಅಂತ ನನಗೂ ಬೇಜಾರಾಗಿತ್ತು," ಎಂದಳು.

ಅಂದರೆ ಎರಡು ಸಾವಿರದ ಚಿಲ್ಲರೆ ಚಿತ್ರಗಳನ್ನು ಈ ಹೆಂಗಸು ಎರಡೆರಡು ಸಲ ತೆಗೆದಿದ್ದಳು. ಸೋಮವಾರ ಮನೆಯಲ್ಲಿ, ಮಂಗಳವಾರ ಇಲ್ಲಿ. ಬುಧವಾರ ಮನೆಯಲ್ಲಿ, ಗುರುವಾರ ಇಲ್ಲಿ. ಇಲ್ಲಿಯದು ನಿಜವಾದ ಕೆಲಸ. ಮನೆಯದು ನನಗೋಸ್ಕರ.

"ಯಾಕೆ?" ಎಂದೆ. "ನನಗೊಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

ಅವಳು ಕುದುರೆಯ ಚಿತ್ರವನ್ನು ಗಾಜಿನಿಂದ ಎತ್ತಿ, ಅದರ ಅಂಚನ್ನು ತೋಳಿನಿಂದ ಒರೆಸಿ ಪೆಟ್ಟಿಗೆಗೆ ಇಟ್ಟಳು. "ಉಗ್ರಾಣ ಬಿಟ್ಮೇಲೆ ನೀನು ಕಿಟಕಿ ಹತ್ರ ಕೂತ್ಕೊಂಡು ರಸ್ತೆ ನೋಡ್ತಿದ್ದೆ. ಯಾರ ಲಾರಿ ಹೋಯ್ತು, ಎಷ್ಟು ಹೇರಿದಾರೆ ಅಂತ ಒಬ್ಬನೇ ಮಾತಾಡ್ಕೋತಿದ್ದೆ. ಆ ಡಿಸ್ಕು ಬಂದ್ಮೇಲೆ ಬೆಳಗ್ಗೆ ಬೇಗ ಏಳೋಕೆ ಶುರು ಮಾಡ್ದೆ, ಗಡ್ಡ ತೆಗೆಯೋಕೆ ಶುರು ಮಾಡ್ದೆ. ನಾನು ಯಾಕೆ ಹೇಳ್ಲಿ?"

ನಾನು ಪರ್ಲ್ ಮನೆಯ ನೆಲಹಾಸನ್ನೇ ನೋಡುತ್ತ ನಿಂತೆ. ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು. ಆದರೂ ಗಂಡಸಿನ ಬುದ್ಧಿ, ಕೊನೆಯ ಅಸ್ತ್ರ ಒಂದನ್ನು ಬಿಟ್ಟು ನೋಡಿದೆ: "ಹೊಸ ಕಂಪ್ಯೂಟರ್ ಬೇಕಾ ಅಂತ ನಾನು ಕೇಳಿದ್ದೆನಲ್ಲ. ನೀನೇ ಬೇಡ ಅಂದೆ."

"ಒಂದೇ ಸಲ ಕೇಳಿದೆ, ಆರ್ಲಿನ್," ಎಂದಳು.

ಪರ್ಲ್ ಯಾರೂ ಕೇಳದಿದ್ದರೂ ಹೋಗಿ ಪಾತ್ರೆ ತೊಳೆಯತೊಡಗಿದಳು.

ಅಕ್ಟೋಬರಿನ ಕೊನೆಯ ಭಾನುವಾರ ಚರ್ಚಿನಲ್ಲಿ ಇನ್ನೂರು ಜನ ಸೇರಿದ್ದರು. ಬದುಕಿದ್ದಾಗ ಬಾರದವರು ಮಣ್ಣಿಗೆ ಬರುತ್ತಾರೆ, ಊರೂರಿನ ರೂಢಿ. ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ ಲವೋನ್ ಚಿತ್ರಗಳನ್ನು ತೋರಿಸಿದಳು. ಮೊದಲನೆಯದು ಥೋರಾಳದು. ಆಮೇಲೆ ಒಬ್ಬೊಬ್ಬರ ಅಜ್ಜ, ಅತ್ತೆ, ತೀರಿಹೋದ ಮಕ್ಕಳು ಬಂದುಹೋದರು. ನನ್ನ ಕಿವಿ ಬಂದಾಗ ಮಾತ್ರ ಇಡೀ ಸಭೆ ನಕ್ಕಿತು, ನಗು ಬೇಕಾಗಿದ್ದ ಹೊತ್ತಿಗೆ ಸರಿಯಾಗಿ. ಕೊನೆಗೆ ಪಾದ್ರಿಗಳು ದೀಪ ಆರಿಸಿದರು. ಕೀಲಿ ತಿರುಗಿಸುವ ಕೆಲಸ ಚರ್ಚಿನ ದಾಖಲೆ ಬರೆಯುತ್ತಿದ್ದವಳದು ಎಂದು ಲವೋನ್‌ಳ ಕೈಗೇ ಕೊಟ್ಟರು. ಅವಳು ಕೀಲಿ ತಿರುಗಿಸಿದಳು, ಬಾಗಿಲನ್ನು ಒಮ್ಮೆ ಎಳೆದು ನೋಡಿದಳು, ಮೆಟ್ಟಿಲಿಳಿದು ಬಂದು ಗಾಡಿಯಲ್ಲಿ ಕೂತಳು.

ನಾನು ಗಾಡಿ ಶುರುಮಾಡಲಿಲ್ಲ.

"ಬೇಜಾರಾಯ್ತಾ?" ಎಂದು ಕೇಳಿದೆ.

"ಇಲ್ಲ. ಪರವಾಗಿಲ್ಲ. ಚೆನ್ನಾಗೇ ಆಯ್ತು."

ಹಳೆಯ ಆರ್ಲಿನ್ ಟ್ವೀಟನ್ ಆಗಿದ್ದರೆ ಇಲ್ಲಿಗೆ ಗೇರು ಹಾಕುತ್ತಿದ್ದ. ನಾನು ಇನ್ನೊಂದು ಸಲ ಕೇಳಿದೆ: "ಬೇಜಾರಾಯ್ತಾ, ಲವೋನ್?"

"ನಿನಗ್ಯಾಕೆ ಸುಮ್ನೆ. ನಡಿ, ಹೊತ್ತಾಯ್ತು, ಪಾತ್ರೆ ಬೇರೆ ಇದೆ."

ಕೀಲಿಕೈ ಅವಳ ಮುಷ್ಟಿಯಲ್ಲೇ ಇತ್ತು. ಬೆರಳಿನ ಗೆಣ್ಣು ಬೆಳ್ಳಗಾಗಿತ್ತು.

"ಬೇಜಾರಾಯ್ತಾ?" ಎಂದು ಮೂರನೇ ಸಲ ಕೇಳಿದೆ.

ಅವಳು ಅತ್ತಳು. ಆಮೇಲೆ ಮಾತಾಡತೊಡಗಿದಳು. ಚರ್ಚಿನಿಂದ ನಮ್ಮ ಮನೆಗೆ ಹನ್ನೊಂದು ಮೈಲಿ, ನಾನು ಎಷ್ಟು ನಿಧಾನವಾಗಿ ಓಡಿಸಿದರೂ ಅವಳ ಮಾತು ಮುಗಿಯಲಿಲ್ಲ. ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಕೇಳಿದೆ. ನನ್ನ ತಾಯಿಯ ಬಗ್ಗೆ, ಹಾಡುವವರ ಸಾಲಿನ ಬಗ್ಗೆ, ಅವಳಿಗೆ ಬೇಕಿದ್ದು ಸಿಗದೆ ಹೋದದ್ದರ ಬಗ್ಗೆ, ಬೇಡವಾಗಿದ್ದು ಸಿಕ್ಕಿದ್ದರ ಬಗ್ಗೆ (ಈ ಪಟ್ಟಿಯಲ್ಲಿ ನನ್ನ ಹೆಸರು ಎರಡು ಸಲ ಬಂತು), ಪಿಯಾನೋದ ಬಗ್ಗೆ, ನಲವತ್ತೊಂದು ವರ್ಷದ ಎಲ್ಲದರ ಬಗ್ಗೆ. ಈ ಹೆಂಗಸಿನೊಳಗೆ ಇಷ್ಟೊಂದು ಇತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಅಲ್ಲಾಡದೆ, ಒಂದು ಮಾತೂ ಬಿಡದೆ ಕೇಳಿಸಿಕೊಂಡೆ ಎಂದು ಆಣೆ ಮಾಡಿ ಹೇಳಬಲ್ಲೆ.

ಕೊನೆಗೆ ಅವಳು ಮೂಗು ಒರೆಸಿಕೊಂಡು ನನ್ನ ಮುಖ ನೋಡಿದಳು.

"ಮೊದಲು ಏನು ಹೇಳ್ದೆ, ಹೇಳು ನೋಡೋಣ."

ನಾನು ನೆನಪು ಮಾಡಿಕೊಂಡೆ. ಪಿಯಾನೋ ನೆನಪಿತ್ತು. ಹಾಡುವವರ ಸಾಲು ಅರ್ಧ ನೆನಪಿತ್ತು. ಅದಕ್ಕಿಂತ ಹಿಂದಿನದರ ಮೇಲೆಲ್ಲ ಆಮೇಲಿನದು ಬಂದು ಕೂತಿತ್ತು. ಗಾಡಿಯ ಗಾಜಿನ ಮೇಲೆ ನಮ್ಮಿಬ್ಬರ ಉಸಿರು ಮಂಜು ಕಟ್ಟಿತ್ತು. ಬಹುಶಃ ಎಂಟನೇ ಮೈಲಿಯ ಹತ್ತಿರ ನನ್ನ ಮುಳ್ಳು ಒಂದು ಸುತ್ತು ಬಂದಿರಬೇಕು.

"ಹೋಯ್ತಾ?" ಎಂದಳು.

"ಹೋಯ್ತು," ಎಂದೆ. ಸುಳ್ಳು ಹೇಳಲಿಲ್ಲ.

ಬೈಯುತ್ತಾಳೆ ಎಂದುಕೊಂಡೆ. ಅವಳು ಸೀಟಿಗೆ ಒರಗಿ, ಕೀಲಿಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಮದುವೆ ಆಗಿ ಬಂದ ಮೊದಲನೇ ಭಾನುವಾರ," ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು, "ಈ ಚರ್ಚಲ್ಲಿ ಎಲ್ಲಿ ಕೂತ್ಕೋಬೇಕು ಅಂತ ನನಗೆ ಯಾರೂ ಹೇಳ್ಲಿಲ್ಲ. ಹೋಗಿ ಒಬ್ಬರ ಜಾಗದಲ್ಲಿ ಕೂತುಬಿಟ್ಟೆ."

"ಯಾರ ಜಾಗ?" ಎಂದು ಕೇಳಿದೆ. ಜೇಬಿನಿಂದ ಪೆನ್ಸಿಲು ತೆಗೆದು ಪ್ರಾರ್ಥನೆಯ ಚೀಟಿಯ ಹಿಂದೆ ಬರೆದುಕೊಳ್ಳತೊಡಗಿದೆ.